ಸಂದಿನ ಮರಳು

ಕಾಮಾಕ್ಷಿಪಾಳ್ಯ, ಬೆಂಗಳೂರು
18 ನವೆಂಬರ್ 1984

ಮಾನ್ಯ ಸಭಾಧ್ಯಕ್ಷರೇ, ವೇದಿಕೆಯ ಮೇಲೆ ಒಬ್ಬರ ಮೇಲೊಬ್ಬರು ಆಸೀನರಾಗಿರುವ ಸಿಮೆಂಟು ಮೂಟೆಗಳೇ, ಎದುರಿಗೆ ಸಾಲಾಗಿ ಕೂತಿರುವ ಬ್ಲಾಕು ಬಾಂಧವರೇ, ಒದ್ದೆ ಗೋಣಿ ಹೊದ್ದು ಆಗಲೇ ನಿದ್ದೆಗೆ ಜಾರಿರುವ ಮಹಾಜನರೇ,

ಇಂದು ನಮ್ಮ ಕಾರ್ಖಾನೆಯ ಚರಿತ್ರೆಯಲ್ಲಿ ಸುವರ್ಣಾಕ್ಷರದಿಂದ, ಅದು ದುಬಾರಿಯಾದರೆ ಸೀಮೆಸುಣ್ಣದಿಂದ, ಬರೆದಿಡಬೇಕಾದ ದಿನ. ಹತ್ತು ವರ್ಷದ ಹಿಂದೆ ಈ ಶೆಡ್ಡಿನ ಪಾಲುದಾರಿಕೆ ಬಿಟ್ಟು ಬಂದರಿನ ನೌಕರಿಗೆ ಹೊರಟುಹೋದ, ಯುಗಾದಿಗೊಂದು ಕಾರ್ಡು ಬಿಟ್ಟರೆ ಇನ್ನೊಂದು ಅಕ್ಷರ ಬರೆಯದ ಶ್ರೀಮಾನ್ ಕರಿಬಸಪ್ಪನವರು ಇದ್ದಕ್ಕಿದ್ದ ಹಾಗೆ ಒಂದು ಇನ್‌ಲ್ಯಾಂಡ್ ಲೆಟರ್ ಕಳಿಸಿದ್ದಾರೆ. ಸಭೆಯ ಅವಗಾಹನೆಗಾಗಿ ಓದುತ್ತೇನೆ: "ಚಿಕ್ಕ, ನಮ್ಮ ಶೆಡ್ಡು ನಡೀತಾ ಇದೆಯಾ? ಆ ನೆಲಕ್ಕೆ ಹಾಸೋ ಹಲ್ಲಿನ ಬ್ಲಾಕಿನ ಅಚ್ಚು ಇದೆಯಾ? ಇಲ್ಲಿ ಪರೀಕ್ಷೆಗೆ ಸ್ವಲ್ಪ ಬೇಕು. ಉತ್ತರ ಬರಿ." ಇಷ್ಟೇ. ಕ್ಷೇಮವೂ ಇಲ್ಲ, ಪ್ರೇಮವೂ ಇಲ್ಲ. ತಂತಿ ಕೊಟ್ಟಿದ್ದರೂ ಇದಕ್ಕಿಂತ ನಾಲ್ಕು ಪದ ಜಾಸ್ತಿ ಬರುತ್ತಿತ್ತು.

ಸಭೆ ಮುಗಿಯಿತು. ಇನ್ನು ನಿನಗೆ.

ಬಸು, ಶೆಡ್ಡು ನಡೀತಾ ಇದೆಯಾ ಅಂತ ಕೇಳ್ತೀಯಲ್ಲ, ನಡೆಯೋದೇನು, ಓಡ್ತಾ ಇದೆ ಕಣೋ. ಕಲೆಸುವ ವಿಭಾಗ, ಅಚ್ಚಿನ ವಿಭಾಗ, ನೀರುಣಿಸುವ ವಿಭಾಗ ಅಂತ ಮೂರು ಮಾಡಿದೀನಿ. ನೀರುಣಿಸುವ ವಿಭಾಗದ ಮುಖ್ಯಸ್ಥರು ಬಹಳ ಖಡಕ್ಕು. ಬ್ಲಾಕಿನ ಮೇಲೆ ಹೊದಿಸಿದ ಗೋಣಿ ಒಣಗಿದ್ದು ಕಂಡರೆ ಯಜಮಾನ ಅಂತ ನನ್ನನ್ನೂ ಬಿಡೋದಿಲ್ಲ. ಅಚ್ಚು ಇದೆ. ಎಣ್ಣೆ ಸವರಿ ಇಟ್ಟಿದೀನಿ.

ನೀನು ಹೊರಟ ದಿನ ಬಸ್‌ಸ್ಟಾಪಿನಲ್ಲಿ ನಾನು ಅಂದಿದ್ದು ನೆನಪಿದೆಯಾ? "ಹೋಗು, ಸರ್ಕಾರದ ನೆರಳಲ್ಲಿ ತಣ್ಣಗೆ ಕೂತ್ಕೋ. ಒಂದು ದಿನ ನಿನ್ನ ಸರ್ಕಾರನೇ ಈ ಶೆಡ್ಡಿನ ಬಾಗಿಲಿಗೆ ಬರುತ್ತೆ." ನೀನು ಟ್ರಂಕು ಎತ್ತಿಕೊಂಡು, "ಬಂದರೆ ಬರಲಿ, ಬೆಂಚು ಹಾಕಿರು" ಅಂದೆ. ಬಸ್ಸು ಹೊಗೆ ಬಿಟ್ಟಿತು, ನೀನು ನಮ್ಮನ್ನು ಬಿಟ್ಟೆ. ಬೆಂಚು ಹಾಕಿದೆ ಅಂತ ತಿಳ್ಕೋ.

ಆದರೆ ಒಂದು ಅರ್ಥವಾಗಲಿಲ್ಲ. ಸಮುದ್ರದ ದಡದಲ್ಲಿ ಇರೋನು ಹಡಗಿನ ಬಗ್ಗೆ ಬರೀತಾನೆ ಅಂದುಕೊಂಡಿದ್ದೆ. ನೀನು ಅಲ್ಲಿಗೆ ಹೋಗಿಯೂ ನೆಲಾನೇ ನೋಡ್ತಾ ಇದೀಯ. ಏನಾಗಿದೆ ನಿನ್ನ ನೆಲಕ್ಕೆ, ವಿವರವಾಗಿ ಬರಿ. ಕಾಗದಾನ ಬ್ಯಾಡರಹಳ್ಳಿ ಮನೆ ವಿಳಾಸಕ್ಕೇ ಹಾಕು. ಶೆಡ್ಡಿಗೆ ಹಾಕಿದರೆ ನೀರಿಗೆ ನೆನೆದುಹೋಗುತ್ತೆ.

ಇಂತಿ,
ಓದಿದ್ದು ಬಿ.ಎ., ಕಲೆಸಿದ್ದು ಸಿಮೆಂಟು, ನಿನ್ನ ಮೇಲೆ ಇನ್ನೂ ಸಿಟ್ಟು ಉಂಟು,
ಚಿಕ್ಕಹನುಮಯ್ಯ

---

ಬಂದರು ಕ್ವಾರ್ಟರ್ಸ್
9 ಡಿಸೆಂಬರ್ 1984

ಚಿಕ್ಕನಿಗೆ ಶರಣು.

ನಿನ್ನ ಕಾಗದವನ್ನು ಕಲ್ಯಾಣಮ್ಮನಿಗೆ ಓದಿ ಹೇಳಿದೆ. "ನಿಮ್ಮ ಸ್ನೇಹಿತರು ನಮ್ಮ ಮದುವೇಲಿ ಮೈಕ್ ಹಿಡಿದೋರು ಇನ್ನೂ ಬಿಟ್ಟೇ ಇಲ್ಲ" ಅಂದಳು. ಕ್ಷೇಮ ಕೇಳದೆ ಬರೆದದ್ದು ತಪ್ಪು. ಕೇಳಲು ಕೂತರೆ ಹತ್ತು ವರ್ಷದ್ದು ಕೇಳಬೇಕಾಗುತ್ತಿತ್ತು. ಇನ್‌ಲ್ಯಾಂಡಿನಲ್ಲಿ ಜಾಗ ಇರಲಿಲ್ಲ.

ನೆಲದ ಕಥೆ ಹೀಗೆ. ಹಡಗಿಗೆ ಹತ್ತುವ ಗ್ರಾನೈಟ್ ಕಲ್ಲು, ಹಡಗಿನಿಂದ ಇಳಿಯುವ ಮರದ ದಿಮ್ಮಿ ಎರಡನ್ನೂ ನಮ್ಮ ಯಾರ್ಡಿನಲ್ಲಿ ಇಡುತ್ತಾರೆ. ಕಲ್ಲು ಬರುವುದು ನಮ್ಮ ಬೆಂಗಳೂರು ಕಡೆಯಿಂದಲೇ. ಯಾರ್ಡಿನ ನೆಲ ಟಾರು. ಬೇಸಿಗೆಯಲ್ಲಿ ಅದು ಹಲಸಿನ ಮೇಣದ ಹಾಗೆ ಮೆತ್ತಗಾಗುತ್ತದೆ, ಲಾರಿಗಳ ಡೀಸೆಲ್ ಸೋರಿ ಇನ್ನೂ ಕೊಳೆಯುತ್ತದೆ. ಕಲ್ಲಿನ ಮೂಲೆ ಊರಿದ ಕಡೆ ಗುಂಡಿ. ಮಳೆಗಾಲದಲ್ಲಿ ಗುಂಡಿಯೆಲ್ಲ ಕೆರೆ. ಮಳೆ ನಿಂತ ಮೇಲೆ ಹಳೆಯ ಟಾರು ಕಿತ್ತು ಎಸೆದು ಹೊಸದು ಹಾಕುತ್ತೇವೆ. ಪ್ರತಿ ವರ್ಷ ಇದೇ. ಕಿತ್ತದ್ದನ್ನೆಲ್ಲ ಗೋಡೌನಿನ ಹಿಂದೆ ಸುರಿದು ಸುರಿದು ಅದೊಂದು ಕರಿಯ ಗುಡ್ಡವಾಗಿದೆ. ಸಂಜೆ ಅದರ ಪಕ್ಕದಲ್ಲಿ ಮನೆಗೆ ನಡೆಯುವಾಗ, ನಾನು ಇಲ್ಲಿ ದುಡಿದದ್ದೆಲ್ಲ ಅಲ್ಲೇ ಬಿದ್ದಿದೆ ಅನ್ನಿಸುತ್ತದೆ.

ನಮ್ಮ ದೊಡ್ಡ ಸಾಹೇಬರಿಗೆ ಬ್ಲಾಕಿನ ವಿಷಯ ಹೇಳಿದೆ. ಕುಸಿದ ಕಡೆ ಎತ್ತಿ, ಕೆಳಗೆ ಸಮ ಮಾಡಿ, ಅದೇ ಬ್ಲಾಕನ್ನು ಮತ್ತೆ ಕೂರಿಸಬಹುದು, ಏನೂ ಎಸೆಯಬೇಕಾಗಿಲ್ಲ ಅಂದೆ. ಅವರು, "ಕರಿಬಸಪ್ಪ, ಇದೇನ್ರೀ ನಿಮ್ಮ ಮನೆ ಮುಂದಿನ ಜಾಗಾನಾ, ರಂಗೋಲಿ ಹಾಕೋಕೆ?" ಅಂದರು. ಕೊನೆಗೆ ಗೇಟಿನ ಹತ್ತಿರ ಲಾರಿಗಳು ತಿರುಗುವ ಜಾಗ ಕೊಟ್ಟಿದ್ದಾರೆ. ಅದೇ ಎಲ್ಲಕ್ಕಿಂತ ಬೇಗ ಹಾಳಾಗುವ ಜಾಗ. ಒಂದು ಮಳೆಗಾಲ ತಡೆದರೆ ಇಡೀ ಯಾರ್ಡಿಗೆ ಬ್ಲಾಕು. ತಡೆಯದಿದ್ದರೆ ಮತ್ತೆ ಟಾರು, ನನಗೆ ಸ್ಟೋರ್ಸಿನಲ್ಲಿ ಕುರ್ಚಿ. ಮೊಳೆ ತೂಗುತ್ತ ರಿಟೈರ್ ಆಗಬೇಕು.

ಒಂದು ಕೆಲಸ ಮಾಡು. ನಾವಿಬ್ಬರೂ ಮಾಗಡಿ ರಸ್ತೆಯ ಮರದ ಡಿಪೋದಲ್ಲಿ ಹಾಕಿದ ನೆಲ ಇನ್ನೂ ನಿಂತಿದೆ ಅಂತ ಸಾಹೇಬರಿಗೆ ಹೇಳಿಬಿಟ್ಟಿದ್ದೇನೆ. ನೋಡಿ ಹೇಳಿದ್ದಲ್ಲ, ನಂಬಿ ಹೇಳಿದ್ದು. ಹೋಗಿ ನೋಡಿ ನಿಜ ಬರಿ.

ಇತಿ,
ಕರಿಬಸಪ್ಪ

---

ಬ್ಯಾಡರಹಳ್ಳಿ
20 ಜನವರಿ 1985

ಬಸು,

ಸಂಕ್ರಾಂತಿಯ ಎಳ್ಳುಬೆಲ್ಲ ಈ ಕವರಿನಲ್ಲಿ ಹಾಕೋಣ ಅಂತಿದ್ದೆ. ಅಂಚೆಯವರೇ ತಿಂದು ಒಳ್ಳೆ ಮಾತಾಡ್ತಾರೆ, ನಿನ್ನ ಕೈಗೆ ಬರೋದಿಲ್ಲ ಅಂತ ನಮ್ಮನೆಯವಳು ಇಂದ್ರಮ್ಮ ತಡೆದಳು.

ಡಿಪೋಗೆ ಹೋಗಿದ್ದೆ. ದಾರಿ ಗುರುತೇ ಸಿಗಲಿಲ್ಲ ಕಣೋ. ಆಗ ಎರಡೂ ಕಡೆ ರಾಗಿ ಹೊಲ ಇತ್ತಲ್ಲ, ಸೈಕಲ್ ತುಳಿಯುವಾಗ ತೆನೆ ಮೊಣಕಾಲಿಗೆ ಸವರುತ್ತಿತ್ತಲ್ಲ, ಅಲ್ಲೆಲ್ಲ ಈಗ ಲೇತು, ವೆಲ್ಡಿಂಗು, ತಗಡಿನ ಸದ್ದು. ಮುಂದೆ ಹೊಲಿಗೆ ಮೆಷಿನ್ನಿನ ಗುದ್ದು. ನೀನು ಬಂದರೆ ನಿನ್ನ ಹಳೇ ದಾರಿ ಕೇಳೋಕೆ ಹೊಸಬರನ್ನು ಹಿಡೀಬೇಕು. ಆದರೆ ಡಿಪೋ ಇದೆ. ಯಜಮಾನರು ಹೋಗಿಬಿಟ್ಟರಂತೆ. ಅವರ ಹೆಂಡತಿ ಗಂಗಲಕ್ಷ್ಮಮ್ಮ ಹಗ್ಗದ ಮಂಚದ ಮೇಲೆ ಕೂತು ಅವರೇಕಾಯಿ ಬಿಡಿಸ್ತಾ ಇದ್ದರು. ನನ್ನ ಮುಖ ನೋಡಿ ನೋಡಿ,

"ಆ ಇಬ್ಬರಲ್ಲಿ ನೀನು ಯಾರಪ್ಪ, ಹಾಡೋನಾ, ಅಳೆಯೋನಾ?" ಅಂದರು.

"ಹಾಡೋನು ಕಣಮ್ಮ."

"ಅಳೆಯೋನು ಎಲ್ಲಿ?"

"ಸಮುದ್ರದ ಹತ್ರ ಇದಾನೆ."

"ಜಗಳ ಆಡ್ಕೊಂಡ್ರಾ?"

"ಇಲ್ಲಮ್ಮ."

"ಮತ್ಯಾಕೆ ಒಬ್ಬನೇ ಬಂದೆ?" ಅಂದು ಮೊರ ನನ್ನ ಕಡೆ ತಳ್ಳಿದರು. ಪಕ್ಕದಲ್ಲಿ ಕೂತು ಅವರೇಕಾಯಿ ಬಿಡಿಸಿದೆ.

ನೆಲ ನಿಂತಿದೆ, ಬಸು. ಇದು ನಿಜ. ನಾವು ಹಾಕಿದ ಹಾಗೇ, ಚಾಪೆ ಹೆಣೆದ ಹಾಗೆ ಅಡ್ಡ ಒಂದು ಉದ್ದ ಒಂದು, ಒಂದರ ಹಲ್ಲು ಇನ್ನೊಂದರ ಸಂದಿಗೆ ಕಚ್ಚಿಕೊಂಡು ಕೂತಿದೆ. ಮೇಲ್ಮೈ ಸವೆದು ನುಣ್ಣಗಾಗಿದೆ. ಮಧ್ಯೆ ಯಾರೋ ಕೇಬಲ್ಲಿನವರು ಬಂದು ಅಗೆದರಂತೆ. "ಅವರು ಕಿತ್ತರು, ನಮ್ಮಾಳು ಇಟ್ಟ, ಅಷ್ಟೇಯ" ಅಂದರು ಅಮ್ಮ. ಎಲ್ಲಿ ಕಿತ್ತಿದ್ದು ಅಂತ ಹುಡುಕಿದೆ, ನನಗೇ ಸಿಗಲಿಲ್ಲ.

ನೆನಪಿದೆಯಾ, ನಮಗೆ ಆಗ ಸಂದಿಗೆ ಹಾಕೋಕೆ ಸಿಮೆಂಟು ಉಳಿದಿರಲಿಲ್ಲ. ಅದಕ್ಕೇ ಪೊರಕೆ ಹಿಡಿದು ಮರಳು ಗುಡಿಸಿದ್ದು. ಬಡತನಕ್ಕೆ ಹೊಳೆದ ಉಪಾಯ. ನೀನು ದಾರ ಹಿಡಿದು ಅಳೀತಾ ಇದ್ದೆ, ನಾನು ಬ್ಲಾಕು ಕೂರೋ ಹಾಗೆ ಮೇಲಿಂದ ದಿಮ್ಮಸು ಬಡೀತಾ ಹಾಡಿದ್ದು, "ಅಡ್ಡ ಒಂದು, ಉದ್ದ ಒಂದು, ಸಂದಿಗಿಷ್ಟು ಮರಳು ತಂದು." ಯಜಮಾನರು ನಕ್ಕಿದ್ದರು, "ಹಾಡಿಂದ ನಿಲ್ಲುತ್ತೇನ್ರಯ್ಯಾ ಲಾರಿ ಭಾರಕ್ಕೆ?" ನೀನು ದಾರ ಸುತ್ತಿಕೊಳ್ಳುತ್ತ, ತಲೆ ಎತ್ತದೆ, "ನಿಲ್ಲದಿದ್ದರೆ ಎತ್ತಿ ಇಡ್ತೀವಿ, ಬಿಡಿ" ಅಂದೆ. ಮರುವರ್ಷ ಒಂದು ಮೂಲೆ ಕುಸಿದಾಗ ತಿಂಡಿ ತಿಂದು ಹೋದೋರು ಊಟದ ಹೊತ್ತಿಗೆ ಎತ್ತಿ ಕೂರಿಸಿ ಬಂದಿದ್ದೆವು. ಆಮೇಲೆ ಡಿಪೋ ಮುಂದೆ ಕೂತು ಒಂದೇ ಲೋಟದಲ್ಲಿ ಟೀ.

ಬ್ಲಾಕಿಗೆ ಇಲ್ಲಿ ಅಚ್ಚು ಹಿಡಿದಾಯಿತು. ಸಂದಿಗೆ ಹೊಳೆ ಮರಳಿನ ಬದಲು ಜಲ್ಲಿ ಒಡೆಯೋ ಕ್ರಷರಿನ ಪುಡಿ ಕಳಿಸ್ತೀನಿ. ಅದು ಎಸೆಯೋ ಮಾಲು, ನಿನ್ನ ಗುಡ್ಡದ ಕಥೆ ಕೇಳಿದ ಮೇಲೆ ಎಸೆಯೋದು ನೋಡೋಕಾಗ್ತಿಲ್ಲ. ಅಂಚಿಗೆ ಮಾತ್ರ ಗಟ್ಟಿ ಕಲ್ಲು ಹೂಳು. ಅಂಚು ಜರುಗಿದರೆ ಊರು ಜರುಗುತ್ತೆ. ಮಾದರಿಗೆ ಬಿಲ್ಲು ಕೇಳಬೇಡ. ಕಾರ್ಖಾನೆಯ ಲೆಕ್ಕಾಧಿಕಾರಿ ರಜೆಯಲ್ಲಿದ್ದಾರೆ.

ಇಂತಿ,
ಹಾಡೋನು

---

ಬಂದರು ಕ್ವಾರ್ಟರ್ಸ್
14 ಮೇ 1985

ಚಿಕ್ಕನಿಗೆ ಶರಣು.

ನೀನು ಬ್ಲಾಕು ತುಂಬಿ ಕಳಿಸಿದ ಬೈರಪ್ಪನ ಲಾರಿ ಎರಡೂ ಸಲ ಘಾಟಿ ಇಳಿದು ಕ್ಷೇಮವಾಗಿ ಬಂತು. ಒಡೆದದ್ದು ಬೆರಳೆಣಿಕೆ. ಶೆಡ್ಡು ಹೇಗಿದೆ, ಎಷ್ಟು ಜನ ಇದ್ದಾರೆ ಅಂತ ಅವನನ್ನು ಕೇಳಿದೆ. "ನಾನು ಡ್ರೈವರ್ ಸಾರ್. ತುಂಬಿದ್ದು ಗೊತ್ತು, ತುಂಬಿದೋರು ಗೊತ್ತಿಲ್ಲ" ಅಂದ. ನೀನೇ ಹೇಳಿಕೊಟ್ಟ ಹಾಗಿತ್ತು.

ಟಾರು ಕೀಳಿಸಿ, ಜಲ್ಲಿ ಬಡಿಸಿ, ಮೇಲೆ ಮರಳು ಹರಡಿ ಕೂರಿಸಿದೆವು. ಮೊದಲ ಸಾಲು ನಾನೇ ಮಂಡಿಯೂರಿ ಇಟ್ಟೆ. ಎದ್ದು ನಿಲ್ಲುವಾಗ ಇಬ್ಬರು ಹಿಡಿದುಕೊಳ್ಳಬೇಕಾಯಿತು. ನಮ್ಮ ಆಳುಗಳಲ್ಲಿ ಅರ್ಧ ಜನ ತುಳು ಮಾತಾಡುವವರು, ಅರ್ಧ ಜನ ಬಿಜಾಪುರದವರು. ದಿಮ್ಮಸು ಒಟ್ಟಿಗೆ ಬೀಳುತ್ತಿರಲಿಲ್ಲ. ಬೇರೆ ದಾರಿ ಕಾಣದೆ ನಿನ್ನ ಹಾಡು ಹೇಳಿದೆ. ನನ್ನ ಕಂಠ ನಿನಗೆ ಗೊತ್ತಲ್ಲ. ಎರಡು ದಿನದಲ್ಲಿ ಅವರೆಲ್ಲ ಅದನ್ನು ನನಗಿಂತ ಚೆನ್ನಾಗಿ ಹಾಡುತ್ತಿದ್ದರು. ಸಾಹೇಬರು ಬಂದು ಬೂಟಿನಲ್ಲಿ ಒತ್ತಿ ನೋಡಿ, "ಮಳೆ ಬರಲಿ" ಅಂದು ಹೋದರು. ನಾನೂ ಅದನ್ನೇ ಕಾಯುತ್ತಿದ್ದೇನೆ, ಹೆದರಿಕೆಯಿಂದ.

ಒಂದು ಬ್ಲಾಕಿನ ಮೇಲೆ ಕೋಳಿ ಹೆಜ್ಜೆ ಅಚ್ಚಾಗಿದೆ. ನಮ್ಮ ಶೆಡ್ಡಿನಲ್ಲಿ ಕೋಳಿ ಇರಲಿಲ್ಲ.

ಇತಿ,
ಕರಿಬಸಪ್ಪ

---

ಬಂದರು ಕ್ವಾರ್ಟರ್ಸ್
2 ಜುಲೈ 1985

ಚಿಕ್ಕ,

ಕೆಟ್ಟ ಸುದ್ದಿ. ಮೂರು ವಾರದಿಂದ ಬಿಡದೆ ಸುರಿದ ಮಳೆಗೆ ಸಂದಿಯ ಪುಡಿ ತೊಳೆದು ಹೋಯಿತು. ಬ್ಲಾಕು ಲಾರಿಯ ಅಡಿ ಕಟಕಟ ಅನ್ನತೊಡಗಿತು. ಸಾಹೇಬರು ದಿನಾ ಗೇಟಿನಲ್ಲಿ ಕಾರು ನಿಲ್ಲಿಸಿ ಆ ಸದ್ದು ಕೇಳಿಸಿಕೊಂಡು ಹೋಗುವರು. ಅದು ನನಗೆ ತಡೆಯಲಾಗಲಿಲ್ಲ. ಮಳೆ ಬಿಡುವು ಕೊಟ್ಟ ಒಂದು ದಿನ ನೋಡಿ ಸಂದಿಗೆಲ್ಲ ಸಿಮೆಂಟಿನ ಗಂಜಿ ಹುಯ್ಯಿಸಿದೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ ಅಂತ ಗೊತ್ತಿತ್ತು.

ನಾಲ್ಕು ದಿನ ಕಲ್ಲಿನ ಹಾಗೆ ನಿಂತಿತು. ಐದನೆಯ ದಿನ ದಿಮ್ಮಿಯ ಲಾರಿ ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಗೇಟಿನ ಕಡೆಯ ಮೂಲೆ ಪಟ್ಟನೆ ಬಿಟ್ಟಿತು. ಈಗ ಬಿರುಕು ಒಳಕ್ಕೆ ಓಡುತ್ತಿದೆ. ಶ್ರಾವಣದ ತನಕ ನೋಡುತ್ತೇನೆ, ಆಮೇಲೆ ಟಾರು ಅಂತ ಸಾಹೇಬರು ಅಂದಿದ್ದಾರೆ.

ಇತಿ,
ಕರಿಬಸಪ್ಪ

---

ಬ್ಯಾಡರಹಳ್ಳಿ
8 ಜುಲೈ 1985

ಬಸು,

ಗಂಜಿ ಹುಯ್ದೆಯಾ. ಜ್ವರ ಬಂದಿತ್ತಾ ಅದಕ್ಕೆ?

ನಿನ್ನ ಕಾಗದ ಓದಿ ಊಟದ ತಟ್ಟೆ ತಳ್ಳಿದೆ. ಇಂದ್ರಮ್ಮ, "ಸ್ನೇಹಿತನ ಮೇಲಿನ ಸಿಟ್ಟು ಕಾಗದದ ಮೇಲೆ ತೀರಿಸ್ಕೊಳ್ಳಿ, ಮುದ್ದೆ ಏನು ಮಾಡ್ತು?" ಅಂದಳು. ಮುದ್ದೆ ತಿಂದೆ. ಈಗ ಕಾಗದಕ್ಕೆ ಬಂದಿದೀನಿ.

ಹಲ್ಲಿನ ಬ್ಲಾಕು ಯಾಕೆ ನಿಲ್ಲುತ್ತೆ ಅಂತ ನಿನಗೆ ನಾನು ಹೇಳಬೇಕಾ? ಭಾರ ಬಿದ್ದಾಗ ಕೂದಲೆಳೆಯಷ್ಟು ಅಲ್ಲಾಡಿ, ಪಕ್ಕದವನಿಗೆ ಒಂದಿಷ್ಟು ದಾಟಿಸಿ, ಮತ್ತೆ ತನ್ನ ಜಾಗಕ್ಕೆ ಬರುತ್ತೆ. ಅದಕ್ಕೆ ಸಂದಿಯಲ್ಲಿ ಮರಳೇ ಇರಬೇಕು. ನೀನು ಹೆದರಿಕೆಗೆ ಬಿಗಿದೆ. ಬಿಗಿದದ್ದು ಬಿರಿಯಿತು. ಇದನ್ನ ದಾರ ಹಿಡಿದು ನನಗೆ ಕಲಿಸಿದೋನು ನೀನು ಕಣೋ.

ಇಷ್ಟು ಬೈದ ಮೇಲೆ ನನ್ನ ಪಾಲಿನದ್ದೂ ಹೇಳಬೇಕು. ನಾನು ಕಳಿಸಿದ ಕ್ರಷರ್ ಪುಡಿಯನ್ನು ಜರಡಿ ಹಿಡಿದಿರಲಿಲ್ಲ. ಗಂಧದ ಪುಡಿಯಷ್ಟು ನುಣುಪು ಅದು, ಬೆಂಗಳೂರಿನ ತುಂತುರಿಗೆ ನಿಲ್ಲುತ್ತೆ, ನಿಮ್ಮ ಮಳೆಗೆ ಎಲ್ಲಿ ನಿಲ್ಲುತ್ತೆ. ಕರಾವಳಿ ಮಳೆ ಅಂದರೆ ಏನು ಅಂತ ನಾನು ಕಂಡಿಲ್ಲ. ಕಂಡೋನು ನೀನು, ಕೇಳಲಿಲ್ಲ. ಕಳಿಸಿದೋನು ನಾನು, ಹೇಳಲಿಲ್ಲ. ಇಬ್ಬರೂ ಅರ್ಧರ್ಧ ದಡ್ಡರು, ಕೂಡಿದರೆ ಪೂರ್ತಿ ಹೆಡ್ಡರು.

ಈಗ ಮಾಡಬೇಕಾದ್ದು. ಬಿರಿದ ಬ್ಲಾಕು ತೆಗೆದುಹಾಕು. ಮಿಕ್ಕದ್ದನ್ನೆಲ್ಲ ಎತ್ತಿಸು, ಅಂಚಿಗೆ ಹತ್ತಿದ ಗಂಜಿ ಉಳಿಯಲ್ಲಿ ಕೆತ್ತಿಸು, ಇನ್ನೂ ಹಸಿ ಇದೆ, ಬಿಡುತ್ತೆ. ಬೈರಪ್ಪನ ಲಾರಿಯಲ್ಲಿ ಬದಲಿ ಬ್ಲಾಕು, ಜೊತೆಗೆ ಜರಡಿ ಹಿಡಿದ ದಪ್ಪ ಪುಡಿ ಬರ್ತಾ ಇದೆ. ಮೊದಲ ವಾರ ದಿನಾ ಗುಡಿಸು, ತೊಳೆದು ಹೋದಷ್ಟೂ ಗುಡಿಸು. ಆಮೇಲೆ ಅದೇ ಸಂದಿಯಲ್ಲಿ ಗಟ್ಟಿಯಾಗುತ್ತೆ. ಕಟಕಟ ಅಂದರೆ ಅನ್ನಲಿ. ಮಾತಾಡ್ತಾ ಇದೆ ಅಂದರೆ ಬದುಕಿದೆ ಅಂತ.

ಶ್ರಾವಣಕ್ಕೆ ಟೈಮಿದೆ. ನಿನ್ನನ್ನು ಮೊಳೆ ತೂಗೋಕೆ ಬಿಡಲ್ಲ.

ಕೋಳಿಯ ವಿಷಯ: ಅದು ನಮ್ಮ ಗುಣಮಟ್ಟ ಪರೀಕ್ಷಕ.

ಇಂತಿ,
ಚಿಕ್ಕಹನುಮಯ್ಯ

---

ಬಂದರು ಕ್ವಾರ್ಟರ್ಸ್
7 ಅಕ್ಟೋಬರ್ 1985

ಚಿಕ್ಕನಿಗೆ ಶರಣು ಶರಣಾರ್ಥಿ.

ಇಷ್ಟು ದಿನ ಬರೆಯದೆ ಇದ್ದದ್ದು ಬೇಕೆಂದೇ. ಅರ್ಧ ಸುದ್ದಿ ಬರೆಯುವುದು ಬೇಡ ಅನ್ನಿಸಿತು.

ನಿಂತಿತು. ನೀನು ಹೇಳಿದ ಹಾಗೆ ಎತ್ತಿ, ಕೆತ್ತಿ, ಕೂರಿಸಿದೆವು. ಕೊಡೆ ಹಿಡಿದುಕೊಂಡು ನಾನೇ ಪೊರಕೆ ಆಡಿಸಿದೆ, ಗೇಟಿನ ಕಾವಲುಗಾರ ನೋಡಿ ನಕ್ಕ. ಆಗಸ್ಟಿನಲ್ಲಿ ಒಂದು ಕಡೆ ಸ್ವಲ್ಪ ತಗ್ಗಾಯಿತು. ಬೆಳಗಿನ ಪಾಳಿ ಮುಗಿದು ಮಧ್ಯಾಹ್ನದ ಪಾಳಿ ಬರುವುದರೊಳಗೆ ಎತ್ತಿ ಸಮ ಮಾಡಿ ಇಟ್ಟೆವು. ಒಂದು ಬುಟ್ಟಿಯಷ್ಟೂ ಗುಡ್ಡಕ್ಕೆ ಹೋಗಲಿಲ್ಲ. ಮೊನ್ನೆ ಸಾಹೇಬರು ದಿಮ್ಮಿಯ ಲಾರಿಯನ್ನು ಮೂರು ಸಲ ಅಲ್ಲೇ ತಿರುಗಿಸಿ ನೋಡಿದರು. ಆಮೇಲೆ ಕೆಳಗೆ ಬಗ್ಗಿ ಕೈಯಲ್ಲಿ ಸವರಿ, "ಕರಿಬಸಪ್ಪ, ನಿಮ್ಮ ರಂಗೋಲಿ ನಿಂತುಬಿಟ್ಟಿತಲ್ರೀ" ಅಂದರು. ಹನ್ನೊಂದು ವರ್ಷದಲ್ಲಿ ಇಲ್ಲಿ ನಾನು ಕೇಳಿದ ಮೊದಲ ಹೊಗಳಿಕೆ.

ಇಡೀ ಯಾರ್ಡಿಗೆ ಬ್ಲಾಕು ಅಂತ ತೀರ್ಮಾನವಾಗಿದೆ. ಎಲ್ಲಿಂದ ಅಂದರು, ನಿನ್ನ ಹೆಸರು ಹೇಳಿದೆ. ಕಾರ್ಖಾನೆ ನೋಡಬೇಕಂತೆ. ಈ ತಿಂಗಳ ಕೊನೆಯ ಗುರುವಾರ ನಾನೂ ಸಾಹೇಬರೂ ಬರುತ್ತೇವೆ. ಅಂದು ನೀನು ಬಸ್‌ಸ್ಟಾಪಿನಲ್ಲಿ ಅಂದದ್ದು ನಿಜವಾಯಿತು ಚಿಕ್ಕ. ಸರ್ಕಾರ ನಿನ್ನ ಬಾಗಿಲಿಗೆ ಬರುತ್ತಿದೆ. ನಿನ್ನಷ್ಟೇ ನನಗೂ ಅದು ಬೇಕಾಗಿತ್ತು ಅಂತ ಈಗ ಗೊತ್ತಾಗುತ್ತಿದೆ.

ಇತಿ,
ಅಳೆಯೋನು

---

ಬ್ಯಾಡರಹಳ್ಳಿ
13 ಅಕ್ಟೋಬರ್ 1985

ಮಾನ್ಯ ಸಭಾಧ್ಯಕ್ಷರೇ, ಸ್ವಾಗತ ಸಮಿತಿಯ ಸದಸ್ಯರೇ,

ಬಂದರಿನ ದೊಡ್ಡ ಸಾಹೇಬರು ಗುರುವಾರ ದಯಮಾಡಿಸಲಿರುವುದರಿಂದ ಬಾಗಿಲಿಗೆ ಮಾವಿನ ತೋರಣ, ಬೆಂಚಿಗೆ ಬಣ್ಣದ ಲೇಪನ, ಕಲೆಸುವ ವಿಭಾಗದವರು ಸಾಲಾಗಿ ನಿಂತು ಸಲಾಮು, ಅಚ್ಚಿನ ವಿಭಾಗದವರು ಇಸ್ತ್ರಿ ಮಾಡಿದ

ಬಸು, ಆಗ್ತಾ ಇಲ್ಲ ಕಣೋ.

ಶೆಡ್ಡು ಇಲ್ಲ. ಎಪ್ಪತ್ತೊಂಬತ್ತರಲ್ಲೇ ಮುಚ್ಚಿದೆ. ಸಿಮೆಂಟು ಕೊಳ್ಳೋಕೆ ಸರ್ಕಾರ ಕೊಡೋ ಪರ್ಮಿಟ್ಟಿಗೆ ಅಲೆದೂ ಅಲೆದೂ ಸಾಕಾಗಿ, ಅಚ್ಚೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ಬಂದೆ. ಈಗ ಆ ಜಾಗದಲ್ಲಿ ಗಾರ್ಮೆಂಟ್ಸ್ ಇದೆ, ಅಂಗಿ ಹೊಲೀತಾರೆ. ನಾನು ಅಲ್ಲೇ ಗುಮಾಸ್ತ. ನಾವು ಸಿಮೆಂಟು ಕಲೆಸ್ತಿದ್ದ ಕಡೆ ಮೇಜು ಹಾಕಿಕೊಟ್ಟಿದಾರೆ, ಗುಂಡಿ, ದಾರದ ಲೆಕ್ಕ ಬರೀತೀನಿ.

ನಿನ್ನ ಬ್ಲಾಕುಗಳನ್ನು ಮನೆ ಮುಂದೆ ಮಾಡಿದ್ದು, ಬೆಳಗ್ಗೆ ಕೆಲಸಕ್ಕೆ ಹೋಗೋಕೆ ಮುಂಚೆ, ನಾನೂ ಇಂದ್ರಮ್ಮನೂ. ಕಲೆಸಿದ್ದು ನಾನು, ನೀರು ಹಾಕಿದ್ದು ಅವಳು. ಇಲ್ಲ ಅಂತ ಮೊದಲ ಕಾಗದದಲ್ಲೇ ಬರೆದಿದ್ದರೆ ನೀನು ಬೇರೆಯವರನ್ನು ಕೇಳ್ತಿದ್ದೆ, ಮತ್ತೆ ಯುಗಾದಿಗೆ ಒಂದು ಕಾರ್ಡು. ಅದಕ್ಕೆ ಇದೆ ಅಂದೆ. ಒಂದು ಸಲ ಇದೆ ಅಂದ ಮೇಲೆ ಪ್ರತಿ ಕಾಗದಕ್ಕೂ ಒಂದೊಂದು ವಿಭಾಗ ಕಟ್ಟಬೇಕಾಯಿತು.

ಇಡೀ ಯಾರ್ಡಿಗೆ ನಾವಿಬ್ಬರು ಕೈಯಲ್ಲಿ ಮಾಡ್ತಾ ಕೂತರೆ ನೀನು ರಿಟೈರ್ ಆದ ಮೇಲೂ ಮುಗಿಯಲ್ಲ. ಸಾಹೇಬರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡು, ಸುಳ್ಳು ನನ್ನದು, ನಿನ್ನದಲ್ಲ. ಗೇಟಿನ ಹತ್ತಿರ ನಿಂತಿರೋ ನೆಲ ಸುಳ್ಳಲ್ಲ, ಅದನ್ನ ಯಾರೂ ಇಲ್ಲ ಅನ್ನೋಕಾಗಲ್ಲ. ಯಂತ್ರ ಇಟ್ಟಿರೋ ಯಾರಿಗಾದರೂ ಕೆಲಸ ಕೊಡಿ. ಅಚ್ಚಿನ ಅಳತೆ ನಾನು ಬರೆದು ಕೊಡ್ತೀನಿ.

ಅವರು ಬರೋದು ಬೇಡ. ನೀನು ಬಾ. ಆದರೆ ಗುರುವಾರ ಬೇಡ, ಭಾನುವಾರ ಬಾ. ಬೇರೆ ದಿನ ನನಗೆ ರಜ ಕೊಡಲ್ಲ.

ಚಿಕ್ಕ